ನೋಡಿ ಬರೆಯುತ್ತ ಭಾವಚಿತ್ರ ಕಲಿಯುವ ಬಗೆ

ಪಾವಗಡದ ಕಡೆಯ ಕ್ಯಾತಗಾನಚೆರ್ಲುವಿನಂಥ ಊರಿನಲ್ಲಿದ್ದು ಭಾವಚಿತ್ರ ಬರೆಯುವ ಆಸೆ ಇಟ್ಟುಕೊಂಡ ವಿದ್ಯಾರ್ಥಿಗೆ ಚಿತ್ರಶಾಲೆ ದೂರವೇ ಸರಿ. ಆದರೆ ಕ್ಯಾಲೆಂಡರಿನಲ್ಲೋ ಅಂಗಡಿಯ ಗೋಡೆಯ ಮೇಲೋ, ದೀಪ ಹಿಡಿದು ನಿಂತ ಹೆಣ್ಣುಮಗಳ ಚಿತ್ರವನ್ನು ನೀವು ನೋಡಿರಬಹುದು. ಅದನ್ನೇ ಗುರುವಾಗಿ ಮಾಡಿಕೊಳ್ಳಿ.

ಇದು ರಾಜಾ ರವಿವರ್ಮ ಅವರ ಕೃತಿಯೆಂದು ಹಲವರು ಹೇಳುತ್ತಾರೆ. ಅಲ್ಲ. ರವಿವರ್ಮ 1906ರಲ್ಲೇ ತೀರಿಕೊಂಡರು. ಇದನ್ನು 1940ರ ದಶಕದಲ್ಲಿ, ತಮ್ಮ ಮಗಳನ್ನೇ ಎದುರು ನಿಲ್ಲಿಸಿಕೊಂಡು ಬರೆದವರು ಎಸ್.ಎಲ್. ಹಲ್ದಂಕರ್. ಮೂಲಚಿತ್ರ ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿದೆ.

ಹೆಸರಿನ ತಪ್ಪು ಹೇಗೋ ಇರಲಿ, ಅದರ ಬೆನ್ನಿಗೇ ಬರುವ ಇನ್ನೊಂದು ತಪ್ಪು ಕಲಿಯುವವರನ್ನು ದಾರಿ ತಪ್ಪಿಸುತ್ತದೆ. ರವಿವರ್ಮ ಅವರದೆಂದುಕೊಂಡವರು ಇದನ್ನು ತೈಲವರ್ಣವೆಂದೂ ಎಣಿಸುತ್ತಾರೆ. ಇದು ಜಲವರ್ಣ. ತೈಲವರ್ಣದಲ್ಲಿ ಸಾಮಾನ್ಯವಾಗಿ ಗಾಢ ಬಣ್ಣದಿಂದ ಹೊರಟು, ಬೆಳಕಿನ ಜಾಗಕ್ಕೆ ಕೊನೆಯಲ್ಲಿ ತಿಳಿಬಣ್ಣ ಹಚ್ಚುತ್ತಾರೆ. ಜಲವರ್ಣದಲ್ಲಿ ಕ್ರಮ ತಿರುಗುಮುರುಗು. ಅಲ್ಲಿ ಬೆಳಕೆಂದರೆ ಹಾಳೆಯ ಬಿಳುಪೇ. ಅದನ್ನು ಮೊದಲೇ ಉಳಿಸಿಕೊಂಡು, ಒಂದು ತೆಳುಪದರ ಒಣಗಿದ ಮೇಲೆ ಮತ್ತೊಂದನ್ನು ಹಾಕುತ್ತ ಕತ್ತಲೆಯ ಕಡೆಗೆ ಸಾಗಬೇಕು. ಒಮ್ಮೆ ಕಪ್ಪಾದ ಜಾಗವನ್ನು ಮತ್ತೆ ಬೆಳಗಿಸುವುದು ಬಲು ಕಷ್ಟ.

ಈಗ ಮುಖವನ್ನು ಗಮನಿಸಿ. ಹಗಲಿನಲ್ಲಿ ನಿಮ್ಮ ಗೆಳೆಯರ ಮೂಗಿನ ಕೆಳಗೆ, ಗಲ್ಲದ ಕೆಳಗೆ ನೆರಳು ಬೀಳುತ್ತದೆ. ಇಲ್ಲಿ ಬೆಳಕು ಕೆಳಗಿನಿಂದ ಬರುವುದರಿಂದ ಆ ಭಾಗಗಳೇ ಬೆಳಗುತ್ತವೆ. ದೀಪಕ್ಕೆ ಅಡ್ಡ ಹಿಡಿದ ಬೆರಳುಗಳು ಕೆಂಪಗೆ ಹೊಳೆಯುತ್ತವೆ. ಕಣ್ಣು, ಮೂಗು, ತುಟಿಗೆ ಗೆರೆ ಎಳೆದು ಬಣ್ಣ ತುಂಬಿದರೆ ಈ ಮುಖ ಕೈಗೆ ಸಿಕ್ಕುವುದಿಲ್ಲ. ಕಾರ್ಬನ್ ಹಾಳೆಯಂತೂ ಬೇಡವೇ ಬೇಡ. ಮೊದಲು ಪೆನ್ಸಿಲಿನಿಂದ ನೆರಳಿನ ಆಕಾರಗಳನ್ನಷ್ಟೇ ಬರೆಯಿರಿ. ಚಿತ್ರವನ್ನು ತಲೆಕೆಳಗಾಗಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಆಗ ನಿಮಗೆ ಗೊತ್ತಿರುವ ಮೂಗನ್ನು ಬಿಟ್ಟು ಕಣ್ಣಿಗೆ ಕಂಡ ಮೂಗನ್ನು ಬರೆಯುತ್ತೀರಿ.

ಆಮೇಲೆ ಅಜ್ಜಿಯನ್ನೋ ತಂಗಿಯನ್ನೋ ದೀಪದ ಮುಂದೆ ಕೂರಿಸಿ, ಅದೇ ನೆರಳುಗಳನ್ನು ಹುಡುಕಿ ಬರೆಯಿರಿ. ಕರೆಂಟು ಹೋದ ಸಂಜೆ ಇದಕ್ಕೆ ಪ್ರಶಸ್ತ! ನಕಲಿನಲ್ಲಿ ಎಷ್ಟು ಕಲಿತಿರೆಂಬುದು ಇಲ್ಲಿ ತಿಳಿಯುತ್ತದೆ.

ಕ್ಯಾಲೆಂಡರಿನ ಬಣ್ಣವನ್ನು ಮಾತ್ರ ನಂಬಬೇಡಿ. ಅಚ್ಚಿನಿಂದ ಅಚ್ಚಿಗೆ ಅದು ಬದಲಾಗುತ್ತದೆ. ಮೈಸೂರಿಗೆ ಶಾಲೆಯ ಪ್ರವಾಸ ಹೊರಟರೆ ಅರಮನೆಯ ದೀಪಾಲಂಕಾರಕ್ಕೆ ಮೊದಲು ಜಗನ್ಮೋಹನ ಅರಮನೆಯಲ್ಲಿ ಅರ್ಧ ಗಂಟೆ ಮೂಲಚಿತ್ರದೆದುರು ನಿಲ್ಲಿ.

ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಅನುಮತಿ ಪಡೆದು ಹಳೆಯ ಚಿತ್ರಗಳನ್ನು ನಕಲು ಮಾಡಬಹುದು. ಆದರೆ ನಕಲು ಮೂಲದಷ್ಟೇ ಅಳತೆಯದಾಗಿರಕೂಡದು. ಮೂಲ ಕಲಾವಿದರ ಸಹಿಯನ್ನೂ ಹಾಕುವಂತಿಲ್ಲ. ನೀವೂ ನಿಮ್ಮ ಹಾಳೆಯ ಹಿಂದೆ ‘ಹಲ್ದಂಕರ್ ಅವರ ಚಿತ್ರವನ್ನು ನೋಡಿ ಬರೆದದ್ದು’ ಎಂದು ನಮೂದಿಸಿ, ನಿಮ್ಮ ಹೆಸರು, ತಾರೀಖು ಹಾಕಿಡಿ.