ಕೋಳಿ ಕಾರ್ಖಾನೆಯ ಊರು, ಪುರಸಭೆಯ ಬಾಗಿಲು

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಸೈಲರ್ ಸಿಟಿ ಹೆಸರಿಗಷ್ಟೇ ಸಿಟಿ. 2020ರ ಜನಗಣತಿಯಲ್ಲಿ ಅಲ್ಲಿದ್ದವರು ಎಂಟು ಸಾವಿರಕ್ಕೂ ಕಡಿಮೆ. ಹಳೆಯ ತಲೆಮಾರಿನ ಅಮೆರಿಕನ್ನರಿಗೆ ಈ ಊರು ಗೊತ್ತಿದ್ದರೆ ಅದು ಫ್ರಾನ್ಸಸ್ ಬೇವಿಯರ್ ಎಂಬ ನಟಿಯ ಕಾರಣದಿಂದ. ‘ಆ್ಯಂಡಿ ಗ್ರಿಫಿತ್ ಶೋ’ ಧಾರಾವಾಹಿಯಲ್ಲಿ ಆಂಟ್ ಬೀ ಪಾತ್ರ ಮಾಡಿ ಮನೆಮಾತಾದ ಆಕೆ ನಿವೃತ್ತಿಯ ನಂತರ ಬಂದು ನೆಲೆಸಿದ್ದು ಇಲ್ಲಿ, 1989ರಲ್ಲಿ ತೀರಿಕೊಂಡದ್ದೂ ಇಲ್ಲೇ. ಎಲ್ಲರೂ ಎಲ್ಲರನ್ನೂ ಬಲ್ಲ, ಬಿಳಿಯರೇ ತುಂಬಿದ ಪುಟ್ಟ ಊರಿನ ನೆಮ್ಮದಿಯನ್ನು ಆ ಧಾರಾವಾಹಿ ದೇಶಕ್ಕೆಲ್ಲ ತೋರಿಸಿತ್ತು. ಆಕೆ ತೀರಿಕೊಂಡ ಮರುವರ್ಷದ ಜನಗಣತಿಯಲ್ಲಿ ಸೈಲರ್ ಸಿಟಿಯ ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ನಿವಾಸಿಗಳ ಪ್ರಮಾಣ ನೂರಕ್ಕೆ ಐದೂ ಇರಲಿಲ್ಲ. ಹತ್ತೇ ವರ್ಷದಲ್ಲಿ ಅದು ಶೇ 39ಕ್ಕೆ ಏರಿತು. 2010ರ ಹೊತ್ತಿಗೆ ಊರಿನ ಅರ್ಧದಷ್ಟು ಜನ ಅವರೇ.

ಇಷ್ಟು ಜನರನ್ನು ಕರೆತಂದದ್ದು ಕೋಳಿ. ಕೋಳಿಮಾಂಸ ಸಂಸ್ಕರಿಸುವ ಕಾರ್ಖಾನೆಗಳು ಊರಿನ ಆದಾಯದ ಮೂಲವಾಗಿದ್ದವು. ಎಂಬತ್ತು ಮತ್ತು ತೊಂಬತ್ತರ ದಶಕಗಳಲ್ಲಿ ಅಮೆರಿಕನ್ನರು ಇಡೀ ಕೋಳಿ ಕೊಳ್ಳುವುದನ್ನು ಬಿಟ್ಟು ಮೂಳೆ ತೆಗೆದ, ತುಂಡರಿಸಿದ, ಪ್ಯಾಕ್ ಮಾಡಿದ ಮಾಂಸಕ್ಕೆ ಒಗ್ಗಿಕೊಂಡರು. ಅಂಥ ಮಾಂಸಕ್ಕೆ ಹೆಚ್ಚು ಕೈಗಳು ಬೇಕು. ಆ ಕೆಲಸವೋ ಮೈ ಹಿಂಡುವಂಥದ್ದು. ಕೊರೆಯುವ ಚಳಿಯ ಕೋಣೆ, ಒದ್ದೆ ನೆಲ, ಕಣ್ಣೆದುರು ನಿಲ್ಲದೆ ಸಾಗುವ ಕೊಕ್ಕೆಗಳ ಸಾಲು. ಪಾಳಿ ಮುಗಿಯುವವರೆಗೂ ಒಂದೇ ಬಗೆಯ ಕತ್ತರಿಕೆ. ವರ್ಷ ಕಳೆಯುವುದರೊಳಗೆ ಹಲವರಿಗೆ ಬೆರಳು ಮಡಚಲು ಬಾರದ ಸ್ಥಿತಿ. ಸ್ಥಳೀಯರು ಬಿಟ್ಟುಹೋದ ಜಾಗಕ್ಕೆ ಮೆಕ್ಸಿಕೊ, ಗ್ವಾಟೆಮಾಲಾ, ಹೊಂಡುರಾಸ್, ಎಲ್ ಸಾಲ್ವಡಾರ್‌ಗಳ ಜನ ಬಂದರು. ಗಂಡಸರ ಹಿಂದೆ ಹೆಂಡಿರು ಬಂದರು, ಮಕ್ಕಳು ಬಂದರು, ಊರಿನ ಶಾಲೆಗಳು ತುಂಬಿದವು. ರಾಜ್ಯದುದ್ದಕ್ಕೂ ಇದೇ ಕಥೆ. 1990ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಲ್ಯಾಟಿನೊ ಜನ ಸುಮಾರು 77 ಸಾವಿರ ಇದ್ದರು, 2000ದಲ್ಲಿ 3.79 ಲಕ್ಷ; 2020ರಲ್ಲಿ 11 ಲಕ್ಷ ದಾಟಿದರು.

ಕಾರ್ಖಾನೆಗೆ ಬೇಕಾದದ್ದು ದುಡಿಯುವ ಕೈ. ಆದರೆ ಆ ಕೈಯ ಹಿಂದಿನ ಮನುಷ್ಯನಿಗೆ ಮನೆ, ನೀರು, ಆಸ್ಪತ್ರೆ, ಮಕ್ಕಳಿಗೆ ಪಾಠ ಎಲ್ಲ ಬೇಕು. ಆ ಖರ್ಚು ಬಂದು ಬಿದ್ದದ್ದು ಊರು ಮತ್ತು ಕೌಂಟಿಯ, ಅಂದರೆ ಜಿಲ್ಲೆಯಂಥ ಘಟಕದ, ಆಡಳಿತದ ಮೇಲೆ. ಯಾರು ಗಡಿ ದಾಟಬಹುದು, ಯಾರಿಗೆ ವೀಸಾ ಕೊಡಬೇಕು ಎಂಬ ಮಾತಿನಲ್ಲಿ ಈ ಸ್ಥಳೀಯ ಆಡಳಿತಗಾರರಿಗೆ ಯಾವ ಅಧಿಕಾರವೂ ಇಲ್ಲ. ಬಂದವರೊಂದಿಗೆ ದಿನಬೆಳಗಾದರೆ ವ್ಯವಹರಿಸಬೇಕಾದವರು ಮಾತ್ರ ಇವರೇ.

1999ರ ಆಗಸ್ಟ್‌ನಲ್ಲಿ ಸೈಲರ್ ಸಿಟಿ ಸೇರಿರುವ ಚಾಟಮ್ ಕೌಂಟಿಯ ಕಮಿಷನರುಗಳ ಮಂಡಳಿಯ ಅಧ್ಯಕ್ಷ ರಿಕ್ ಗಿವೆನ್ಸ್ ಕೇಂದ್ರದ ವಲಸೆ ಇಲಾಖೆಗೆ ಒಂದು ಪತ್ರ ಬರೆದರು. ದಾಖಲೆಗಳಿಲ್ಲದ ವಲಸಿಗರಿಂದ ಕೌಂಟಿಯ ಮೇಲೆ ಹೊರೆ ಬಿದ್ದಿದೆ, ಅಂಥವರನ್ನು ಗುರುತಿಸಿ ಕಳಿಸಲು ನೆರವು ಕೊಡಿ ಎಂಬುದು ಅದರ ತಿರುಳು. ಪತ್ರದ ಸುದ್ದಿ ಹರಡುತ್ತಲೇ ಲ್ಯಾಟಿನೊ ಮನೆಗಳಲ್ಲಿ ಭಯ ಹೊಕ್ಕಿತು. ಅಧ್ಯಕ್ಷರ ಸಹಿಯುಳ್ಳ ಒಂದು ಹಾಳೆ, ಶಾಲೆಗೆ ಮಗುವನ್ನು ಕಳಿಸಲೋ ಬೇಡವೋ ಎಂದು ತಾಯಂದಿರು ಯೋಚಿಸುವಂತೆ ಮಾಡಬಲ್ಲದು. ಆಡಳಿತದ ಮಾತಿಗೆ ಅಷ್ಟು ಶಕ್ತಿಯಿದೆ.

ಕೆಲವು ತಿಂಗಳ ನಂತರ, 2000ದ ಆರಂಭದಲ್ಲಿ, ಇದೇ ಗಿವೆನ್ಸ್ ಮೆಕ್ಸಿಕೊಗೆ ಹೋದರು. ರಾಜ್ಯದ ವಿಶ್ವವಿದ್ಯಾಲಯ ವ್ಯವಸ್ಥೆಯ ಒಂದು ಕೇಂದ್ರ ಸ್ಥಳೀಯ ಅಧಿಕಾರಿಗಳನ್ನು ಹೀಗೆ ಕರೆದೊಯ್ಯುತ್ತಿತ್ತು. ತಮ್ಮ ಊರಿಗೆ ಬಂದ ಜನ ಎಂಥ ಹಳ್ಳಿಗಳಿಂದ ಬಂದಿದ್ದಾರೆ, ಅಲ್ಲಿ ಕೂಲಿ ಎಷ್ಟು, ಡಾಲರ್ ಬಂದರೆ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಕಣ್ಣಾರೆ ನೋಡಲಿ ಎಂಬುದು ಉದ್ದೇಶ. ನೋಡಿ ಬಂದ ಗಿವೆನ್ಸ್ ಬದಲಾದರು, ಬದಲಾದದ್ದನ್ನು ಬಹಿರಂಗವಾಗಿಯೇ ಹೇಳಿದರು. ಚುನಾಯಿತ ವ್ಯಕ್ತಿಯೊಬ್ಬ ತನ್ನದೇ ಮತದಾರರೆದುರು ನಿಂತು ಅಭಿಪ್ರಾಯ ಬದಲಿಸುವುದು ಯಾವ ದೇಶದಲ್ಲೂ ಸಲೀಸಲ್ಲ. ಆ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ.

ಗಿವೆನ್ಸ್ ಬದಲಾದರೆಂದು ಊರು ಬದಲಾಗಲಿಲ್ಲ. 2000ದ ಫೆಬ್ರುವರಿ 19ರಂದು ಬಿಳಿಯರ ಶ್ರೇಷ್ಠತೆ ಸಾರುವ ಕು ಕ್ಲಕ್ಸ್ ಕ್ಲ್ಯಾನ್‌ನ ಮಾಜಿ ನಾಯಕ ಡೇವಿಡ್ ಡ್ಯೂಕ್ ಸೈಲರ್ ಸಿಟಿಗೆ ಬಂದು ಪುರಸಭೆಯ ಮೆಟ್ಟಿಲ ಮೇಲೆಯೇ ನಿಂತು ವಲಸಿಗರ ವಿರುದ್ಧ ಭಾಷಣ ಮಾಡಿದ. ವಾಕ್ ಸ್ವಾತಂತ್ರ್ಯಕ್ಕೆ ಕಾನೂನಿನ ರಕ್ಷಣೆ ಗಟ್ಟಿಯಾಗಿರುವ ಆ ದೇಶದಲ್ಲಿ, ಮಾತು ಇಷ್ಟವಿಲ್ಲವೆಂಬ ಕಾರಣಕ್ಕೆ ಅಂಥ ಸಭೆಯನ್ನು ತಡೆಯಲು ಬರುವುದಿಲ್ಲ. ಆದರೆ ನೀರಿನ ಬಿಲ್ ಕಟ್ಟಲು ಅದೇ ಕಟ್ಟಡಕ್ಕೆ ಹೋಗಬೇಕಾದವರ ಮನಸ್ಸು ಆ ದಿನ ಹೇಗಿದ್ದಿರಬೇಡ!

ಊರಿನವರು ಒಬ್ಬರನ್ನೊಬ್ಬರು ನೋಡುವ ರೀತಿ ಬದಲಾಗುವುದರಲ್ಲಿ ಒಂದು ಶಾಲಾ ತಂಡಕ್ಕೂ ಪಾಲಿದೆ. ಕೋಳಿ ಉದ್ಯಮದ ಬಗ್ಗೆ ಬರೆಯಲೆಂದು ಬಂದ ಪತ್ರಕರ್ತ ಪಾಲ್ ಕ್ವಾಡ್ರೋಸ್ ಅಲ್ಲೇ ಉಳಿದು, ಜೋರ್ಡನ್-ಮ್ಯಾಥ್ಯೂಸ್ ಪ್ರೌಢಶಾಲೆಯಲ್ಲಿ ಫುಟ್‌ಬಾಲ್ ತಂಡ ಕಟ್ಟಲು ಹೆಣಗಿದರು. ಅಮೆರಿಕನ್ ಶೈಲಿಯ ಫುಟ್‌ಬಾಲೇ ಸರ್ವಸ್ವವಾಗಿದ್ದ ಶಾಲೆಗೆ ಈ ಆಟ ಬೇಕಿರಲಿಲ್ಲ. ಬಹುಪಾಲು ಕಾರ್ಖಾನೆ ಕಾರ್ಮಿಕರ ಮಕ್ಕಳೇ ಇದ್ದ ಆ ತಂಡ 2004ರಲ್ಲಿ ರಾಜ್ಯ ಚಾಂಪಿಯನ್ ಆಯಿತು. ಕ್ವಾಡ್ರೋಸ್ ಇದನ್ನು 2006ರಲ್ಲಿ ‘ಎ ಹೋಮ್ ಆನ್ ದ ಫೀಲ್ಡ್’ ಎಂಬ ಪುಸ್ತಕವಾಗಿ ಬರೆದರು. ಕೆಲವೇ ವರ್ಷ ಹಿಂದೆ ‘ಹೊರಗಿನವರು’ ಅನ್ನಿಸಿಕೊಂಡಿದ್ದ ಹುಡುಗರು ಗೆದ್ದು ತಂದದ್ದು ಸೈಲರ್ ಸಿಟಿಯ ಹೆಸರಿನ ಟ್ರೋಫಿ.

ಆದರೆ ಟ್ರೋಫಿಯಿಂದ ಆಡಳಿತ ಸುಧಾರಿಸುವುದಿಲ್ಲ. ಎಳೆದು ತಂದು ನಿಲ್ಲಿಸಿದ ಬಾಡಿಗೆಯ ಟ್ರೈಲರ್ ಮನೆಯಲ್ಲಿ ಚರಂಡಿ ಕಟ್ಟಿಕೊಂಡಾಗ ಯಾರಿಗೆ ದೂರು ಕೊಡಬೇಕು? ಕಳ್ಳತನವಾಗಿ ಪೊಲೀಸರನ್ನು ಕರೆದರೆ ಅವರು ಮೊದಲು ಕಳ್ಳನ ಬಗ್ಗೆ ಕೇಳುತ್ತಾರೋ, ನನ್ನ ಕಾಗದಪತ್ರದ ಬಗ್ಗೆಯೋ? 2006ರಲ್ಲಿ ರಾಜ್ಯ ಸರ್ಕಾರ ಚಾಲನಾ ಪರವಾನಗಿಯ ನಿಯಮ ಬಿಗಿ ಮಾಡಿತು; ಸೋಷಿಯಲ್ ಸೆಕ್ಯುರಿಟಿ ನಂಬರ್ ಅಥವಾ ಮಾನ್ಯ ವೀಸಾ ಇಲ್ಲದವರಿಗೆ ಲೈಸೆನ್ಸ್ ಸಿಗುವ ದಾರಿ ಮುಚ್ಚಿತು. ಬಸ್ಸೇ ಅಪರೂಪವಾದ ಊರಿನಲ್ಲಿ ಕೆಲಸಕ್ಕೆ ಕಾರಿನಲ್ಲೇ ಹೋಗಬೇಕು, ಕಾರು ಓಡಿಸಿದರೆ ಸಿಕ್ಕಿಬೀಳುವ ಭಯ. ಇಂಥಲ್ಲಿ ಸ್ಥಳೀಯ ಪೊಲೀಸರು ರಸ್ತೆಯಲ್ಲಿ ಎಲ್ಲಿ ತಡೆ ಹಾಕುತ್ತಾರೆ ಎಂಬುದೇ ಒಂದು ಕುಟುಂಬದ ಹಣೆಬರಹವನ್ನು ಬರೆಯುತ್ತದೆ. 2009ರ ಜನವರಿಯಲ್ಲಿ ಚಾಟಮ್ ಕೌಂಟಿಯ ಕಮಿಷನರುಗಳು, ಸ್ಥಳೀಯ ಪೊಲೀಸರಿಗೆ ವಲಸೆ ಅಧಿಕಾರಿಯ ಕೆಲಸ ವಹಿಸುವ ಕೇಂದ್ರದ ಯೋಜನೆ ನಮಗೆ ಬೇಡ ಎಂದು ನಿರ್ಣಯ ಮಾಡಿದರು. ಕಳಿಸಿಬಿಡಿ ಎಂದು ಪತ್ರ ಬರೆದ ಮಂಡಳಿಯ ಕುರ್ಚಿಗಳಿಂದಲೇ, ಹತ್ತು ವರ್ಷದೊಳಗೆ ಈ ಮಾತು ಬಂತು.

ಆಡಳಿತಕ್ಕೂ ವಲಸಿಗರಿಗೂ ನಡುವಿನ ಕೊಂಡಿಯಾಗಿ ಜನರ ಕಡೆಯಿಂದ ನಿಂತದ್ದು 1995ರಲ್ಲಿ ಸೈಲರ್ ಸಿಟಿಯಲ್ಲೇ ಆರಂಭವಾದ ‘ಎಲ್ ವಿಂಕುಲೊ ಇಸ್ಪಾನೊ’ ಎಂಬ ಸಂಸ್ಥೆ. ಫಾರಂ ತುಂಬಿಸುವುದು, ಆಸ್ಪತ್ರೆಗೆ ಜೊತೆಗೆ ಹೋಗುವುದು, ಕೂಲಿ ಸಿಗದವರ ಪರ ಮಾತಾಡುವುದು, ಕಚೇರಿಗಳಲ್ಲಿ ಸ್ಪ್ಯಾನಿಷ್ ಬಲ್ಲವರು ಬೇಕೆಂದು ಒತ್ತಾಯಿಸುವುದು ಅದರ ಕೆಲಸ. ಪುರಸಭೆ ಮಾಡಬೇಕಾದದ್ದನ್ನು ಎಷ್ಟೋ ವರ್ಷ ಈ ಪುಟ್ಟ ಕಚೇರಿ ಮಾಡಿತು.

ಮುಂದೆ, 2017ರ ಸುಮಾರಿಗೆ, ಪುರಸಭೆಯೇ ಮುಂದಾಗಿ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ‘ಬಿಲ್ಡಿಂಗ್ ಇಂಟಿಗ್ರೇಟೆಡ್ ಕಮ್ಯುನಿಟೀಸ್’ ಯೋಜನೆಯೊಂದಿಗೆ ಕೈಜೋಡಿಸಿತು. ಮೊದಲು ಜನಗಣತಿಯ ಅಂಕಿಗಳನ್ನು ಮುಂದಿಟ್ಟುಕೊಂಡು ಊರಿನಲ್ಲಿ ನಿಜಕ್ಕೂ ಯಾರಿದ್ದಾರೆ ಎಂದು ನೋಡಿದರು. ಎರಡೂ ಭಾಷೆಗಳಲ್ಲಿ ಸಭೆ ನಡೆಸಿ, ನಿಮಗೆ ಏನು ಬೇಕು ಎಂದು ವಲಸಿಗರನ್ನೇ ಕೇಳಿದರು. ಅಲ್ಲಿ ಬಂದ ಮಾತುಗಳಿಂದ ಒಂದು ಕ್ರಿಯಾ ಯೋಜನೆ ರೂಪುಗೊಂಡಿತು, ಆಡಳಿತಕ್ಕೆ ಸಲಹೆ ಕೊಡಲು ವಲಸಿಗರದೇ ಒಂದು ಸಮಿತಿ ರಚನೆಯಾಯಿತು.

ಸಲಹಾ ಸಮಿತಿ ಎಂದರೆ ಹಲ್ಲಿಲ್ಲದ ಹಾವು ಎಂದು ಮೂಗು ಮುರಿಯುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಅಮೆರಿಕದ ಪೌರತ್ವವಿಲ್ಲದವರಿಗೆ ಆ ರಾಜ್ಯದಲ್ಲಿ ಮತವಿಲ್ಲ; ಮಕ್ಕಳು ಅಲ್ಲೇ ಹುಟ್ಟಿದ್ದರೂ ಮತ ಹಾಕಲು ಹದಿನೆಂಟು ತುಂಬಬೇಕು. ಹಾಗಾಗಿ ಊರಲ್ಲಿ ಅರ್ಧದಷ್ಟು ಇರುವವರು ಮತಪಟ್ಟಿಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ತೆರಿಗೆ ಅವರೂ ಕಟ್ಟುತ್ತಾರೆ, ಅಂಗಡಿಗಳು ಅವರಿಂದಲೂ ನಡೆಯುತ್ತವೆ, ಆದರೆ ಅವರನ್ನು ಕೇಳದೆ ಚುನಾವಣೆ ಗೆಲ್ಲಬಹುದು. ಮತದ ಒತ್ತಡವೇ ಇಲ್ಲದ ಕಡೆ ಆಡಳಿತ ಜನರನ್ನು ಕೇಳಬೇಕಾದರೆ, ಕೇಳುವ ಕ್ರಮವನ್ನೇ ನಿಯಮವಾಗಿ ಬರೆದಿಡಬೇಕು. ಗಿವೆನ್ಸ್‌ರಂಥ ಒಬ್ಬರ ಮನಪರಿವರ್ತನೆಯನ್ನು ನಂಬಿ ಕೂರಲಾಗದು. ಅವರು ಕುರ್ಚಿ ಬಿಟ್ಟರೆ ಅದೂ ಹೋಗುತ್ತದೆ. ಸಮಿತಿ ಉಳಿಯುತ್ತದೆ. ನೆರೆಯ ಕೌಂಟಿಯ ಕಾರ್‌ಬರೊ ಪಟ್ಟಣದಲ್ಲಿ ವಲಸಿಗರೇ ಆದ ಜಾನ್ ಹೆರೆರಾ 2001ರಲ್ಲೇ ಚುನಾಯಿತರಾಗಿ ಪಟ್ಟಣ ಮಂಡಳಿ ಸೇರಿದ್ದರು. ಅಲ್ಲಿಯವರೆಗೆ ಹೋಗುವುದೇ ಸರಿಯಾದ ದಾರಿ, ಸಮಿತಿ ಅದಕ್ಕೊಂದು ಮೆಟ್ಟಿಲು.

ಭಾಷೆಯ ಸವಲತ್ತಿನ ವಿಷಯ ಈಗ ಇನ್ನೂ ಸೂಕ್ಷ್ಮವಾಗಿದೆ. ಕೇಂದ್ರದ ಹಣ ಪಡೆಯುವ ಸಂಸ್ಥೆಗಳು ಇಂಗ್ಲಿಷ್ ಬಾರದವರಿಗೂ ಅರ್ಥವಾಗುವಂತೆ ಸೇವೆ ನೀಡಬೇಕೆಂದು ಅಧ್ಯಕ್ಷ ಕ್ಲಿಂಟನ್ 2000ದ ಆಗಸ್ಟ್‌ನಲ್ಲಿ ಒತ್ತಿ ಹೇಳಿದ ಆದೇಶವನ್ನು, 2025ರ ಮಾರ್ಚ್ 1ರಂದು ಅಧ್ಯಕ್ಷ ಟ್ರಂಪ್ ರದ್ದು ಮಾಡಿ ಇಂಗ್ಲಿಷನ್ನು ಅಧಿಕೃತ ಭಾಷೆಯೆಂದು ಸಾರಿದರು. ಕ್ಲಿಂಟನ್ ಆದೇಶಕ್ಕೆ ಆಧಾರವಾಗಿದ್ದ 1964ರ ನಾಗರಿಕ ಹಕ್ಕುಗಳ ಕಾಯ್ದೆ ಹಾಗೆಯೇ ಇದೆ. ಆದರೆ ಮೇಲಿನಿಂದ ಒತ್ತಾಸೆ ಹೋದಾಗ, ಬಿರುಗಾಳಿಯ ಬಗ್ಗೆ ಪುರಸಭೆಯ ಎಚ್ಚರಿಕೆ ಸ್ಪ್ಯಾನಿಷ್‌ನಲ್ಲೂ ಬರಬೇಕೋ ಬೇಡವೋ ಎಂಬುದು ಮತ್ತಷ್ಟು ಸ್ಥಳೀಯ ಆಡಳಿತದ ಮನಸ್ಸಿಗೆ ಬಿಟ್ಟದ್ದು.

ಈ ನಡುವೆ ಕಾರ್ಖಾನೆಗಳು ಬಂದವು, ಹೋದವು. 2008ರಲ್ಲಿ ಒಂದು ದೊಡ್ಡ ಘಟಕ ಮುಚ್ಚಿತು, 2011ರಲ್ಲಿ ಇನ್ನೊಂದು. ನೂರಾರು ಜನ ಕೆಲಸ ಕಳೆದುಕೊಂಡರೂ ಅನೇಕರು ಊರು ಬಿಡಲಿಲ್ಲ. ಬರೀ ದುಡಿಮೆಗೆ ಬಂದವರಲ್ಲ, ಇಲ್ಲಿಯವರೇ ಆಗಿಬಿಟ್ಟಿದ್ದರು. 2019ರಲ್ಲಿ ಹೊಸ ಕೋಳಿ ಕಾರ್ಖಾನೆ ತೆರೆಯಿತು, 2022ರಲ್ಲಿ ವುಲ್ಫ್‌ಸ್ಪೀಡ್ ಕಂಪನಿ ಶತಕೋಟಿಗಟ್ಟಲೆ ಡಾಲರ್‌ಗಳ ಚಿಪ್ ಸಾಮಗ್ರಿ ಘಟಕವನ್ನು ಸೈಲರ್ ಸಿಟಿಗೆ ಘೋಷಿಸಿತು. ಇಂಥ ಹೂಡಿಕೆ ಬಂದಲ್ಲಿ ಜಾಗದ ಬೆಲೆ ಏರುತ್ತದೆ, ಟ್ರೈಲರ್ ಮನೆಗಳ ಬಡಾವಣೆಗಳ ಮೇಲೆ ಕಣ್ಣು ಬೀಳುತ್ತದೆ. ವಲಸಿಗರ ಸಮಿತಿಯ ಮಾತಿಗೆ ಬೆಲೆ ಇದೆಯೋ ಇಲ್ಲವೋ ಎಂಬುದು ತಿಳಿಯುವುದು ಅಲ್ಲಿ.

ಸೈಲರ್ ಸಿಟಿಯಿಂದ ಕಾರಿನಲ್ಲಿ ಒಂದು ತಾಸಿನೊಳಗೆ ಕ್ಯಾರಿ, ಮಾರಿಸ್‌ವಿಲ್ ಸಿಗುತ್ತವೆ. ರಿಸರ್ಚ್ ಟ್ರಯಾಂಗಲ್‌ನ ಸಾಫ್ಟ್‌ವೇರ್ ಮತ್ತು ಔಷಧ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರು ಈ ಭಾಗದಲ್ಲಿ ಮನೆ ಮಾಡಿಕೊಂಡಿದ್ದಾರೆ. ಅವರಿಗೂ ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಟ್ಟಲೆ ಮತವಿಲ್ಲದೆ, ತೆರಿಗೆ ಕಟ್ಟುತ್ತ ಕಾಯುವುದು ಗೊತ್ತು. ಅಂಥವರಲ್ಲಿ ಪೌರತ್ವ ದೊರೆತವರಿಗೆ ಒಂದು ಮನವಿ: ನಿಮ್ಮ ಪಟ್ಟಣ ಮಂಡಳಿ, ಕೌಂಟಿ ಮಂಡಳಿಯ ಸಭೆಗಳು ಸಾರ್ವಜನಿಕರಿಗೆ ತೆರೆದಿರುತ್ತವೆ. ಮಕ್ಕಳ ಶಾಲೆಯ ವಿಷಯ ಬಂದಾಗ ಮಾತ್ರವಲ್ಲ, ಟ್ರೈಲರ್ ಬಡಾವಣೆಯ ಜಾಗದ ಬಳಕೆ ಬದಲಿಸುವ ಪ್ರಸ್ತಾಪ ಬಂದಾಗಲೂ ಹೋಗಿ ಕುಳಿತುಕೊಳ್ಳಿ. ಅಲ್ಲಿನ ನಿವಾಸಿಗಳನ್ನು ಕೇಳಿದ್ದೀರಾ ಎಂದು ಎದ್ದುನಿಂತು ಕೇಳಿ. ಸ್ಥಳೀಯ ಚುನಾವಣೆಗೂ ತಪ್ಪದೆ ಮತ ಹಾಕಿ.