ಕೂತಲ್ಲೇ ಕುಣಿಯುವ ಕಾಲು

‘ತಮಾ, ಕಾಲು ಕುಣಿಸಬೇಡ, ಮನೆಗೆ ದರಿದ್ರ’ – ಈ ಮಾತನ್ನು ಒಮ್ಮೆಯೂ ಕೇಳದೆ ಬೆಳೆದ ಹುಡುಗರು ಉತ್ತರ ಕನ್ನಡದಲ್ಲಿ ಕಡಿಮೆ. ಬೇರೆ ಕಡೆ ದರಿದ್ರದ ಬದಲು ‘ಲಕ್ಷ್ಮಿ ನಿಲ್ಲುವುದಿಲ್ಲ’ ಎಂದಾರು, ಅಷ್ಟೇ ವ್ಯತ್ಯಾಸ. ಖಾಲಿ ತೊಟ್ಟಿಲು ತೂಗಬಾರದು, ಹೊಸ್ತಿಲ ಮೇಲೆ ಕೂರಬಾರದು ಎಂಬ ಪಟ್ಟಿಯಲ್ಲಿ ಇದೂ ಒಂದು. ಆದರೆ ಇದು ನಮ್ಮ ಅಜ್ಜಿಯರ ಸ್ವಂತ ಸೊತ್ತೇನಲ್ಲ. ಕೂತು ಕಾಲು ನಡುಗಿಸುವ ಚಾಳಿಗೆ ಜಪಾನೀಯರು ‘ಬಿಂಬೋ ಯುಸುರಿ’ ಎನ್ನುತ್ತಾರೆ. ಬಡತನದ ನಡುಕ ಎಂದು ಅದರ ಅರ್ಥ. ಕಾಲು ಅಲುಗಿಸಿದರೆ ಭಾಗ್ಯ ಹೊರಟುಹೋಗುತ್ತದೆ ಎಂದು ಕೊರಿಯಾದ ಹಿರಿಯರೂ ಮಕ್ಕಳನ್ನು ಗದರುತ್ತಾರೆ.

ಇಷ್ಟು ದೂರದ ಊರುಗಳ ಹಿರಿಯರಿಗೆಲ್ಲ ಒಂದೇ ಸಿಟ್ಟು ಏಕೆ? ಒಂದು ಕಾರಣ ಮರ್ಯಾದೆಯದು. ಕಾಲು ಎಂದರೆ ನಮ್ಮಲ್ಲಿ ದೇಹದ ಕೆಳಗಿನ ಭಾಗ ಮಾತ್ರವಲ್ಲ, ಕೆಳದರ್ಜೆಯ ಭಾಗವೂ ಹೌದು. ತಾಗಿದರೆ ಮುಟ್ಟಿ ನಮಸ್ಕರಿಸುತ್ತೇವೆ, ಹಿರಿಯರತ್ತ ಚಾಚುವುದಿಲ್ಲ. ದೊಡ್ಡವರ ಎದುರು ಕಾಲು ಅಲುಗಿಸುವುದೆಂದರೆ ‘ನಿಮ್ಮ ಮಾತು ನನಗೇನೂ ಅಲ್ಲ’ ಎಂದ ಹಾಗೆ. ಅಂತೆಯೇ ಯಜಮಾನನಾದವನು ಎತ್ತರದ ಪೀಠದಲ್ಲಿ ಕೂತು ಕಾಲು ಆಡಿಸಿದರೆ ಯಾರೂ ದರಿದ್ರದ ಮಾತೆತ್ತುವುದಿಲ್ಲ! ಇನ್ನೊಂದು ಕಾರಣ ಕಣ್ಣಿನದು. ಪಕ್ಕದವರ ಕಾಲು ಕುಣಿಯುವುದನ್ನು ನೋಡಿದರೆ ಕೆಲವರಿಗೆ ಮೈಯುರಿಯುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು 2021ರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ವಿಚಾರಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಮೂರರಲ್ಲಿ ಒಬ್ಬರು ಇಂಥ ಕಿರಿಕಿರಿಯನ್ನು ಒಪ್ಪಿಕೊಂಡಿದ್ದರು. ಅಜ್ಜಿಯ ಗದರಿಕೆಯಲ್ಲಿ ಲಕ್ಷ್ಮಿಯ ಪಾಲೆಷ್ಟು, ಈ ಕಿರಿಕಿರಿಯ ಪಾಲೆಷ್ಟು ಎಂದು ವಿಂಗಡಿಸುವುದು ಕಷ್ಟ.

ಕಾಲು ಕುಣಿಯುವುದೇಕೆ ಎಂಬ ಪ್ರಶ್ನೆ ಇನ್ನೂ ಹಾಗೆಯೇ ಇದೆ. ಅದಕ್ಕೆ ಮೊದಲು, ಕೂತಾಗ ಕಾಲಿಗೆ ಏನು ಕೆಲಸವಿತ್ತು ಎಂದು ನೋಡುವುದು ಒಳ್ಳೆಯದು. ಅಂಕೋಲಾ ಪೇಟೆಯ ಪಕ್ಕದಲ್ಲೇ ಕೇಣಿ ಎಂಬ ಕಡಲತಡಿಯ ಊರಿದೆ. ಮೀನುಗಾರರ ಊರು. ಇಂಥ ಊರಿನಲ್ಲಿ ದೋಣಿ ಕಡಲಿಗಿಳಿಯದ ಹೊತ್ತಿನಲ್ಲಿ ಬಲೆ ದುರಸ್ತಿಗೆ ಕೂತವರನ್ನು ಗಮನಿಸಿ. ಮರಳಿನ ಮೇಲೋ ನೆರಳಿನಲ್ಲೋ ನೆಲಕ್ಕೇ ಕೂತಿರುತ್ತಾರೆ. ಒಂದು ಕಾಲು ಮುಂದೆ ಚಾಚಿರುತ್ತದೆ. ಹರಿದ ಬಲೆಯ ಅಂಚು ಹೆಬ್ಬೆರಳಿಗೆ ಸಿಕ್ಕಿ ಬಿಗಿಯಾಗಿ ನಿಂತಿರುತ್ತದೆ. ಕೈ ಒಂದೊಂದೇ ಕಣ್ಣು ಹೆಣೆಯುತ್ತ ಹೋದಂತೆ ಬೆರಳು ಬಲೆಯನ್ನು ಸಡಿಲಿಸುತ್ತದೆ, ಮತ್ತೆ ಹಿಡಿಯುತ್ತದೆ. ಕೂತವರು ಹೌದು, ಆದರೆ ಕಾಲು ರಜೆಯಲ್ಲಿಲ್ಲ. ಅಡುಗೆಮನೆಯಲ್ಲಿ ಈಳಿಗೆಮಣೆಯನ್ನು ಕಾಲಿನಿಂದ ಮೆಟ್ಟಿ ಮೀನನ್ನೋ ತರಕಾರಿಯನ್ನೋ ಹೆಚ್ಚುವ ಹೆಂಗಸರದೂ ಇದೇ ಕತೆ. ನೇಕಾರನ ಕಾಲು ಮಗ್ಗದ ಕುಳಿಯಲ್ಲಿ ತುಳಿಯುತ್ತಿತ್ತು, ದರ್ಜಿಯ ಕಾಲು ಹೊಲಿಗೆ ಯಂತ್ರದ ಕೆಳಗೆ. ಕೆಲಸವಿಲ್ಲದೆ ಹರಟೆಗೆ ಕೂತಾಗಲೂ ನೆಲದ ಮೇಲೆ ಯಾರೂ ಒಂದೇ ಭಂಗಿಯಲ್ಲಿ ಇರಲಾರರು. ಚಕ್ಕಳಮಕ್ಕಳ, ಕುಕ್ಕರಗಾಲು, ಒಂದು ಮೊಣಕಾಲು ಮೇಲೆ, ಹೀಗೆ ಹತ್ತು ನಿಮಿಷಕ್ಕೊಮ್ಮೆ ಬದಲಾವಣೆ.

ಹಳಬರೆಲ್ಲ ದಿನವಿಡೀ ಓಡಾಡುತ್ತಿದ್ದರು, ನಾವು ಮಾತ್ರ ಕೂತು ಕೆಟ್ಟೆವು ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಟಾಂಜಾನಿಯಾದಲ್ಲಿ ಈಗಲೂ ಬೇಟೆ, ಗೆಡ್ಡೆಗೆಣಸುಗಳನ್ನು ನೆಚ್ಚಿರುವ ಹಾಡ್ಜಾ ಜನರ ಬಗ್ಗೆ 2020ರಲ್ಲಿ ಪ್ರಕಟವಾದ ಅಧ್ಯಯನ, ಅವರೂ ಎಚ್ಚರವಿರುವಾಗ ದಿನಕ್ಕೆ ಸುಮಾರು 10 ಗಂಟೆ ನಡೆದಾಡದೆ ಇರುತ್ತಾರೆಂದು ತೋರಿಸಿತು. ಆದರೆ ಅದರಲ್ಲಿ ಬಹಳ ಹೊತ್ತು ಕುಕ್ಕರಗಾಲಿನಲ್ಲೋ ಮೊಣಕಾಲೂರಿಯೋ ಕಳೆಯುವುದರಿಂದ ಕಾಲಿನ ಸ್ನಾಯುಗಳು ಕುರ್ಚಿಯಲ್ಲಿ ಕೂತವರ ಸ್ನಾಯುಗಳಂತೆ ಸತ್ತಂತೆ ಬಿದ್ದಿರುವುದಿಲ್ಲ. ಎಂದಮೇಲೆ ಎಷ್ಟು ಹೊತ್ತು ಕೂತರು ಎಂಬುದಕ್ಕಿಂತ ಹೇಗೆ ಕೂತರು ಎಂಬುದೇ ಮುಖ್ಯವಾಯಿತು.

ನಮ್ಮ ನಾಡಿನ ಜನಸಾಮಾನ್ಯರಿಗೆ ಕುರ್ಚಿ ತಡವಾಗಿ ಬಂದ ನೆಂಟ. ಹೆಸರೇ ಅದನ್ನು ಹೇಳುತ್ತದೆ. ಮಣೆ, ಚಾಪೆ ನಮ್ಮವು; ಕುರ್ಚಿ ಅರಬ್ಬಿ ಮೂಲದ್ದು, ಬೆಂಚು ಇಂಗ್ಲಿಷಿನದು. ಪೀಠ, ಸಿಂಹಾಸನಗಳು ಹಿಂದೆಯೂ ಇದ್ದವು, ಆದರೆ ಅವು ದೇವರಿಗೆ, ಅರಸರಿಗೆ, ಗುರುಗಳಿಗೆ. ಆ ಪೀಠದ ಮೇಲೆ ಒಂದು ಕಾಲು ಇಳಿಬಿಟ್ಟು ಕೂತ ದೇವತೆಗೆ ನಮ್ಮ ಶಿಲ್ಪಿಗಳು ಪಾದದ ಕೆಳಗೆ ಒಂದು ಪುಟ್ಟ ಕಮಲವನ್ನಾದರೂ ಇಟ್ಟದ್ದುಂಟು. ತೂಗುವ ಕಾಲಿಗೆ ಆಸರೆ ಬೇಕೆಂದು ಅವರಿಗೆ ಗೊತ್ತಿತ್ತೋ ಏನೋ. 1862ರಲ್ಲಿ ಉತ್ತರ ಕನ್ನಡ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿ, ಕಾರವಾರ ಜಿಲ್ಲೆಯ ಕಚೇರಿಗಳ ಊರಾಗಿ ಬೆಳೆಯಿತು. ಕಚೇರಿ, ಕೋರ್ಟು, ಶಾಲೆಗಳ ಜೊತೆಗೇ ಗಂಟೆಗಟ್ಟಲೆ ಕಾಲು ಇಳಿಬಿಟ್ಟು ಕೂರುವ ಪದ್ಧತಿಯೂ ಊರಿನಿಂದ ಊರಿಗೆ ಹಬ್ಬಿತು.

ಬೆಂಚಿನ ಮೇಲೆ ಕೂತ ಹುಡುಗನ ಕಾಲನ್ನು ನೋಡಿ. ಮೊಣಕಾಲು ಮಡಚಿದೆ, ಬೆರಳುಗಳು ನೆಲದಲ್ಲಿವೆ, ಹಿಮ್ಮಡಿ ತುಸು ಮೇಲೆದ್ದಿದೆ. ಕಾಲಿನ ಭಾರಕ್ಕೆ ಹಿಮ್ಮಡಿ ಕೆಳಗಿಳಿದಾಗ ಹಿಂಬದಿಯ ಮೀನಖಂಡ ಹಿಗ್ಗುತ್ತದೆ. ಹಿಗ್ಗಿದ ಸ್ನಾಯು ಬೆನ್ನುಹುರಿಯ ಮಟ್ಟದಲ್ಲೇ ಪ್ರತಿಕ್ರಿಯೆ ಪಡೆದು ಕುಗ್ಗುತ್ತದೆ. ಹಿಮ್ಮಡಿ ಮತ್ತೆ ಮೇಲೇಳುತ್ತದೆ. ಉಯ್ಯಾಲೆಯ ಹಾಗೆ, ಒಮ್ಮೆ ಶುರುವಾದರೆ ಸಣ್ಣ ಮೀಟು ಸಾಕು. ಮೆದುಳು ಪ್ರತಿ ಹೆಜ್ಜೆಗೂ ಅಪ್ಪಣೆ ಕೊಡಬೇಕಾಗಿಲ್ಲ. ಅದಕ್ಕೇ ‘ಕಾಲು ನಿಲ್ಲಿಸು’ ಎಂದಾಗ ಹುಡುಗ ‘ನಾನೆಲ್ಲಿ ಕುಣಿಸುತ್ತಿದ್ದೆ?’ ಎನ್ನುವುದು ಸುಳ್ಳಲ್ಲ. (ಮೀನಿನಾಕಾರದ ಈ ಮಾಂಸಖಂಡಕ್ಕೆ ಮೀನಖಂಡವೆಂದು ಹೆಸರಿಟ್ಟವರು ಕರಾವಳಿಯವರೇ ಇರಬೇಕು ಎನ್ನುವ ಆಸೆ ನನಗೆ, ಆಧಾರವಿಲ್ಲ.)

ಶುರುವಾಗುವುದು ಯಾವಾಗ? ಎರಡು ವಿರುದ್ಧ ಸಂದರ್ಭಗಳಲ್ಲಿ. ಪರೀಕ್ಷೆಯ ಫಲಿತಾಂಶಕ್ಕೋ ಸಂದರ್ಶನಕ್ಕೋ ಕಾಯುವಾಗ ದೇಹ ಓಟಕ್ಕೆ ಸಿದ್ಧವಾಗಿರುತ್ತದೆ, ಓಡುವ ಹಾಗಿಲ್ಲ; ಆ ತಯಾರಿ ಕಾಲಿನಲ್ಲಿ ಹೊರಬೀಳುತ್ತದೆ. ಬೇಸರದ ಭಾಷಣ ಕೇಳುವಾಗ ಎಚ್ಚರ ಜಾರತೊಡಗುತ್ತದೆ. ಆಗ ಅಲುಗಾಟವೇ ದೇಹ ತನಗೆ ತಾನೇ ಕೊಟ್ಟುಕೊಳ್ಳುವ ಚಿವುಟು. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ ಇದನ್ನೇ ಅಳೆದು 1885ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ. ಒಂದು ನೀರಸ ಸಭೆಯಲ್ಲಿ ಸುಮಾರು ಐವತ್ತು ಜನರ ಚಲನೆಗಳನ್ನು ಎಣಿಸಿದ. ತಲೆಗೆ ನಿಮಿಷಕ್ಕೊಂದರಂತೆ ಸಿಕ್ಕಿತು. ಗಡಿಯಾರ ತೆಗೆದರೆ ಜನ ಗಮನಿಸುತ್ತಾರೆಂದು ತನ್ನ ಉಸಿರನ್ನೇ ಎಣಿಸಿ ಕಾಲ ಅಳೆದನಂತೆ. ಸಭೆ ಮನಸ್ಸಿಟ್ಟು ಕೇಳುವಾಗ ಅಲುಗಾಟ ಅರ್ಧದಷ್ಟಕ್ಕೆ ಇಳಿಯುತ್ತದೆಂದೂ ಕಂಡುಕೊಂಡ. ನಮ್ಮ ತಾಳಮದ್ದಳೆಯ ಅರ್ಥಧಾರಿಗಳಿಗೆ ಈ ಲೆಕ್ಕ ಹೊಸದೇನಲ್ಲ. ಕುಣಿತವಿಲ್ಲ, ವೇಷವಿಲ್ಲ, ಬರೀ ಮಾತಿನಿಂದ ರಾತ್ರಿ ಕಳೆಯಬೇಕಾದವರು ಎದುರಿನ ಜನರ ಮಿಸುಕಾಟದಿಂದಲೇ ತಮ್ಮ ಮಾತಿನ ತೂಕ ತಿಳಿಯುತ್ತಾರೆ.

ಈ ಚಾಳಿಯಿಂದ ಲಾಭವೂ ಇದೆ ಎಂಬುದು ಇತ್ತೀಚಿನ ತಿಳಿವಳಿಕೆ. ಅಮೆರಿಕದ ಮಿಸೂರಿ ವಿಶ್ವವಿದ್ಯಾಲಯದಲ್ಲಿ 11 ಮಂದಿ ಆರೋಗ್ಯವಂತ ತರುಣರನ್ನು ಮೂರು ಗಂಟೆ ಕೂರಿಸಿ, ಒಂದು ಕಾಲನ್ನು ಒಂದು ನಿಮಿಷ ಕುಣಿಸಿ ನಾಲ್ಕು ನಿಮಿಷ ಬಿಡುವಂತೆಯೂ ಇನ್ನೊಂದನ್ನು ಅಲುಗಿಸದಂತೆಯೂ ಹೇಳಿದರು. ಕುಣಿತದ ವೇಗ ನಿಮಿಷಕ್ಕೆ ಸುಮಾರು 250 ಸಲ. ಕೊನೆಗೆ ಸುಮ್ಮನಿದ್ದ ಕಾಲಿನ ರಕ್ತನಾಳದ ಹಿಗ್ಗುವ ಶಕ್ತಿ ಕುಗ್ಗಿತ್ತು. ಕುಣಿದ ಕಾಲಿನದು ಕುಗ್ಗಿರಲಿಲ್ಲ. ಇದು 2016ರ ವರದಿ. ಕೆಳಗಿಳಿದ ರಕ್ತವನ್ನು ಮೇಲಕ್ಕೊತ್ತುವ ಪಂಪು ಮೀನಖಂಡವೇ ಆದ್ದರಿಂದ ಇದರಲ್ಲಿ ಆಶ್ಚರ್ಯವಿಲ್ಲ. ಬೊಜ್ಜು ಕರಗಿಸುವ ಆಸೆಯವರು ಮಾತ್ರ ಹೆಚ್ಚು ಹಿಗ್ಗಬೇಕಾಗಿಲ್ಲ. ಕೂತು ಕೈಕಾಲು ಆಡಿಸುತ್ತಿದ್ದರೆ ಮಲಗಿದಾಗಿನದಕ್ಕಿಂತ ಶೇ. 54ರಷ್ಟು ಹೆಚ್ಚು ಶಕ್ತಿ ಖರ್ಚಾಗುತ್ತದೆಂದು ಮೇಯೋ ಕ್ಲಿನಿಕ್‌ನ ಜೇಮ್ಸ್ ಲಿವೈನ್ ಮತ್ತು ಸಂಗಡಿಗರು 2000ದಲ್ಲಿ ಅಳೆದಿದ್ದರು. ಕೇಳಲು ದೊಡ್ಡ ಅಂಕಿ. ಗಂಟೆಗೆ ಲೆಕ್ಕ ಹಾಕಿದರೆ ಒಂದು ಇಡ್ಲಿ ಕರಗುವುದೇ ಹೆಚ್ಚು.

ಇಲ್ಲಿಯವರೆಗೆ ಹೇಳಿದ್ದು ನಿರಪಾಯಕಾರಿ ಕುಣಿತ. ಇದರ ಹೆಸರಿನಲ್ಲೇ ಅಡಗಿ ಕೂರುವ ಎರಡು ತೊಂದರೆಗಳಿವೆ. ಮಾನಸಿಕ ಕಾಯಿಲೆಯ ಕೆಲವು ಔಷಧಿಗಳಿಂದ, ಅಪರೂಪಕ್ಕೆ ವಾಂತಿ ನಿಲ್ಲಿಸುವ ಔಷಧಿಯಿಂದಲೂ, ಒಂದೆಡೆ ಕೂರಲಾಗದ ಚಡಪಡಿಕೆ ಹುಟ್ಟುತ್ತದೆ. ‘ಅಕಥೀಸಿಯಾ’, ಅಂದರೆ ಕೂರಲಾಗದಿರುವಿಕೆ, ಎಂಬ ಹೆಸರನ್ನು ಚೆಕ್ ವೈದ್ಯ ಹಾಷ್ಕೊವೆಟ್ಸ್ 1901ರಲ್ಲೇ ಇಟ್ಟಿದ್ದ. ಮನೆಯವರು ಇದನ್ನು ಕಾಯಿಲೆ ಹೆಚ್ಚಾಯಿತೆಂದು ತಿಳಿಯುತ್ತಾರೆ. ರೋಗಿ ಹಿಂಸೆ ತಾಳದೆ ಔಷಧಿಯನ್ನೇ ಬಿಟ್ಟುಬಿಡುತ್ತಾನೆ. ವೈದ್ಯರಿಗೆ ತಿಳಿಸಿದರೆ ಪ್ರಮಾಣ ಇಳಿಸಿಯೋ ಔಷಧಿ ಬದಲಿಸಿಯೋ ಸರಿಪಡಿಸಬಹುದು.

ಇನ್ನೊಂದು, ಸ್ವೀಡನ್ನಿನ ಕಾರ್ಲ್ ಆಕ್ಸೆಲ್ ಎಕ್‌ಬಾಮ್ 1945ರಲ್ಲಿ ವಿವರವಾಗಿ ಬರೆದ ‘ಚಡಪಡಿಸುವ ಕಾಲು’ಗಳ ಬೇನೆ. ಹಗಲು ಏನೂ ಇಲ್ಲ. ಸಂಜೆ ಕಳೆದು ಹಾಸಿಗೆ ಸೇರಿದ ಮೇಲೆ ಕಾಲೊಳಗೆ ಇರುವೆ ಹರಿದಂತೆ, ಸೆಳೆದಂತೆ, ಆಡಿಸದೆ ಇರಲಾಗದು. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಶಮನ, ಮಲಗಿದರೆ ಮತ್ತೆ ಅದೇ. ಗರ್ಭಿಣಿಯರಲ್ಲಿ, ಮೂತ್ರಪಿಂಡದ ಕಾಯಿಲೆಯವರಲ್ಲಿ, ಕಬ್ಬಿಣದ ಕೊರತೆಯವರಲ್ಲಿ ಇದು ಹೆಚ್ಚು. ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆಯೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಕಾಲಿಗೆ ಬಟ್ಟೆ ಬಿಗಿದು ಕಟ್ಟಿಕೊಂಡು, ಮಗಳಿಂದ ತುಳಿಸಿಕೊಂಡು ರಾತ್ರಿ ಕಳೆಯುವ ತಾಯಂದಿರಲ್ಲಿ ಎಷ್ಟೋ ಮಂದಿ ಇದನ್ನು ದಣಿವೆಂದೇ ತಿಳಿದಿರುತ್ತಾರೆ. ಅವರು ಡಾಕ್ಟರ ಬಳಿ ‘ನಿದ್ದೆ ಬರುವುದಿಲ್ಲ’ ಎಂದಷ್ಟೇ ಹೇಳಿದರೆ ನಿದ್ದೆ ಮಾತ್ರೆ ಸಿಕ್ಕೀತು. ‘ಕಾಲು ಮಲಗಗೊಡುವುದಿಲ್ಲ’ ಎಂದರೆ ರಕ್ತದಲ್ಲಿ ಫೆರಿಟಿನ್ ಎಷ್ಟಿದೆ ಎಂಬ ಪರೀಕ್ಷೆಗೆ ದಾರಿಯಾಗುತ್ತದೆ. ಅದು ಕಡಿಮೆಯಿದ್ದರೆ ಕಬ್ಬಿಣದ ಮಾತ್ರೆಯಿಂದಲೇ ಹಲವರಿಗೆ ಗುಣ ಕಂಡಿದೆ.