ಹಾವೇರಿಯಿಂದ ಹೊರಟ ಅಲೆಗೆ ಮೈನಸ್ ಯಾಕೆ?

ಪಿಯುಸಿ ಫಿಸಿಕ್ಸ್‌ನಲ್ಲಿ ಬಾಯಿಪಾಠ ಮಾಡಿ ದಾಟಿದ ಸಾಲು ನೆನಪಿದೆಯಾ? ಎಫ್(ಎಕ್ಸ್ − ವಿಟಿ). ಮೈನಸ್ ಇದ್ದರೂ ಅಲೆ ಮುಂದಕ್ಕೇ ಹೋಗುತ್ತೆ. ಹೇಗೆ?

ರೈಲು ಹಳಿಯನ್ನೇ ಎಕ್ಸ್ ಅಕ್ಷ ಅಂದ್ಕೊಳ್ಳಿ. ಹಾವೇರಿ ಸೊನ್ನೆ, ಮುಂದೆ ಬ್ಯಾಡಗಿ, ಆಮೇಲೆ ರಾಣೆಬೆನ್ನೂರು. ಹಾವೇರಿಯಲ್ಲಿ ಎಂಜಿನ್ ಸೀಟಿ ಹೊಡೀತು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. 3 ಸೆಕೆಂಡ್ ಬಳಿಕ 1,020 ಮೀಟರ್ ದೂರದಲ್ಲಿ ಲೆಕ್ಕ ಹಾಕಿ: 1,020 − 340×3 = 0. ಸದ್ದು ಕುಗ್ಗೋದನ್ನು ಬಿಟ್ಟರೆ, ಸ್ಟೇಷನ್‌ನಲ್ಲಿ ಮೊದಲು ಇದ್ದದ್ದೇ ಈಗ ಇಲ್ಲಿದೆ. ಅಲೆ ಸಾಗಿದ ದೂರವನ್ನು ಕಳೆದು ಹಳೇ ಆಕಾರ ಹುಡುಕಿಕೊಡೋದೇ ಮೈನಸ್ ಕೆಲಸ. ರಾಣೆಬೆನ್ನೂರಿನಿಂದ ಹಾವೇರಿ ಕಡೆ ಬರೋ ಅಲೆಗೆ ಪ್ಲಸ್.

ಹಾಗಂತ ಎಕ್ಸ್ − ವಿಟಿ ಕಂಡಿದ್ದೆಲ್ಲ ಅಲೆಯಲ್ಲ. ಅದರ ವರ್ಗ ದೂರ ಹೋದಂತೆ ಮಿತಿಯಿಲ್ಲದೆ ಬೆಳೆಯುತ್ತೆ. ಅಂಥ ಸದ್ದು ಯಾವ ಊರಲ್ಲೂ ಇರಲ್ಲ. ಸೈನ್ ಹಾಕಿದರೆ ಮಿತಿಯೊಳಗೇ ಏರಿಳಿಯುತ್ತೆ.

ಗಾಳಿಯ ಕಣ ಇದ್ದಲ್ಲೇ ಅಲುಗುತ್ತೆ. ಬ್ಯಾಡಗಿ ದಾರಿ ಹಿಡಿಯೋದು ಆಕಾರ ಮಾತ್ರ.